ಹೆಸರು ಅದೇ, ಖಾತೆ ಬೇರೆ: ಕಚೇರಿ ಡೊಮೇನ್‌ಗೆ ಸೇರುವ ಕಂಪ್ಯೂಟರ್‌ನಲ್ಲಿ ಪ್ರೊಫೈಲ್ ಸಾಗಿಸುವ ಬಗೆ

ಶನಿವಾರ ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಕಚೇರಿಯ ಕಂಪ್ಯೂಟರ್‌ಗಳನ್ನು ಹೊಸ ಸರ್ವರ್‌ನ ಡೊಮೇನ್‌ಗೆ ಸೇರಿಸುವುದು ದೊಡ್ಡ ಕೆಲಸವೇನಲ್ಲ. ಒಂದೊಂದಕ್ಕೆ ಐದು ನಿಮಿಷ, ಒಂದು ರೀಸ್ಟಾರ್ಟ್. ಕಷ್ಟ ಶುರುವಾಗುವುದು ಸೋಮವಾರ ಬೆಳಿಗ್ಗೆ. ಅಕೌಂಟ್ಸ್ ಮೇಡಂ ಹೊಸ ಪಾಸ್‌ವರ್ಡ್ ಹಾಕಿ ಒಳಗೆ ಹೋದರೆ ಪರದೆಯ ಮೇಲೆ ರೀಸೈಕಲ್ ಬಿನ್ ಮತ್ತು ಎಡ್ಜ್ ಬಿಟ್ಟು ಬೇರೇನೂ ಇಲ್ಲ. ಮೊಮ್ಮಗಳ ಫೋಟೊ ಇದ್ದ ಕಡೆ ವಿಂಡೋಸ್‌ನ ನೀಲಿ ಚಿತ್ರ. "ಸರ್, ನನ್ನ ಫೈಲೆಲ್ಲ ಹೋಗಿಬಿಟ್ಟಿದೆ" ಎಂದು ಅವರು ಎದ್ದು ನಿಲ್ಲುವಷ್ಟರಲ್ಲಿ ಪಕ್ಕದ ಮೇಜಿನವರು ಪ್ರಿಂಟರ್ ಕಾಣುತ್ತಿಲ್ಲ ಎನ್ನುತ್ತಾರೆ, ಆಚೆಯವರಿಗೆ ಕನ್ನಡ ಕೀಬೋರ್ಡ್ ಸಿಗುತ್ತಿಲ್ಲ.

ಫೈಲ್ ಎಲ್ಲೂ ಹೋಗಿಲ್ಲ, ಅದೇ ಹಾರ್ಡ್‌ಡಿಸ್ಕ್‌ನಲ್ಲಿ ಶನಿವಾರ ಇದ್ದ ಜಾಗದಲ್ಲೇ ಇದೆ. ಆದರೆ ವಿಂಡೋಸ್‌ನ ಲೆಕ್ಕದಲ್ಲಿ ಶನಿವಾರದ ಮೇಡಂ ಬೇರೆ, ಸೋಮವಾರದ ಮೇಡಂ ಬೇರೆ.

ವಿಂಡೋಸ್ ಯಾರನ್ನೂ ಹೆಸರಿನಿಂದ ಗುರುತಿಸುವುದಿಲ್ಲ. ಪ್ರತಿ ಖಾತೆಗೂ ಸೆಕ್ಯುರಿಟಿ ಐಡೆಂಟಿಫೈಯರ್ ಎಂಬ ಉದ್ದನೆಯ ಸಂಖ್ಯೆಯೊಂದನ್ನು ಕೊಡುತ್ತದೆ. ಸಿಸ್ಟಂ ಕೆಲಸದವರ ಬಾಯಲ್ಲಿ ಇದು ಸಿಡ್. ಊರಲ್ಲಿ ಮಂಜುನಾಥ ಎನ್ನುವವರು ಹತ್ತು ಜನ ಇದ್ದರೂ ಆಧಾರ್ ಸಂಖ್ಯೆ ಬೇರೆ ಬೇರೆ ಇರುವ ಹಾಗೆ. ಕಂಪ್ಯೂಟರ್‌ನಲ್ಲೇ ತೆರೆದ 'ಮಂಜು' ಖಾತೆಯ ಸಿಡ್‌ನಲ್ಲಿ ಆ ಕಂಪ್ಯೂಟರ್‌ನ ಗುರುತು, ಅದರ ಬಾಲಕ್ಕೆ ಒಂದು ಕ್ರಮಸಂಖ್ಯೆ ಇರುತ್ತದೆ. ಜನರಿಗಾಗಿ ತೆರೆದ ಖಾತೆಗಳಿಗೆ 1000ದಿಂದ ಮೇಲಿನ ಸಂಖ್ಯೆ, ವಿಂಡೋಸ್ ಜೊತೆಗೇ ಬರುವ ಅಡ್ಮಿನಿಸ್ಟ್ರೇಟರ್ ಖಾತೆಗೆ ಯಾವಾಗಲೂ 500. ಸರ್ವರ್‌ನಲ್ಲಿ ಅದೇ 'ಮಂಜು' ಹೆಸರಿನ ಖಾತೆ ತೆರೆದರೆ ಅದರ ಸಿಡ್‌ನಲ್ಲಿ ಇರುವುದು ಡೊಮೇನ್‌ನ ಗುರುತು. ಹೆಸರು, ಪಾಸ್‌ವರ್ಡ್ ಎರಡನ್ನೂ ಒಂದೇ ಇಟ್ಟರೂ ಖಾತೆ ಎರಡೇ.

ಹೀಗಾಗಿ ಡೊಮೇನ್ ಖಾತೆಯಲ್ಲಿ ಮೊದಲ ಸಲ ಲಾಗಿನ್ ಆದಾಗ ವಿಂಡೋಸ್ ಹೊಸದಾಗಿ ಒಂದು ಪ್ರೊಫೈಲ್ ಕಟ್ಟುತ್ತದೆ. ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್‌ನಲ್ಲಿ 'ಮಂಜು' ಆಗಲೇ ಇರುವುದರಿಂದ ಹೊಸ ಫೋಲ್ಡರ್ ಹೆಸರಿನ ಮುಂದೆ ಚುಕ್ಕಿ ಇಟ್ಟು ಡೊಮೇನ್ ಹೆಸರು ಸೇರಿಸುತ್ತದೆ. ಆ ಹೆಸರಿನದೂ ಇದ್ದರೆ ಅದರ ಮುಂದೆ 000, 001. ಯಾವ ಸಿಡ್‌ಗೆ ಯಾವ ಫೋಲ್ಡರ್ ಎಂಬುದು ರಿಜಿಸ್ಟ್ರಿಯ ಪ್ರೊಫೈಲ್‌ಲಿಸ್ಟ್ ಎಂಬಲ್ಲಿ ದಾಖಲಾಗುತ್ತದೆ. ವಾಲ್‌ಪೇಪರ್‌ನಿಂದ ಹಿಡಿದು ಕೀಬೋರ್ಡ್, ಡೀಫಾಲ್ಟ್ ಪ್ರಿಂಟರ್, ಎಕ್ಸೆಲ್‌ನಲ್ಲಿ ಮಾಡಿಕೊಂಡ ಬದಲಾವಣೆಯವರೆಗೆ ಬಹುಪಾಲು ಸೆಟ್ಟಿಂಗ್ ಕೂತಿರುವುದು ಪ್ರೊಫೈಲ್ ಫೋಲ್ಡರ್‌ನ ಎನ್‌ಟಿಯೂಸರ್ ಎಂಬ ಅಡಗಿಸಿಟ್ಟ ಫೈಲ್‌ನಲ್ಲಿ. ಅಡ್ಮಿನ್ ಬಿಟ್ಟರೆ ಆ ಫೈಲೂ ಫೋಲ್ಡರೂ ಹಳೆಯ ಸಿಡ್‌ಗೆ ಮಾತ್ರ ತೆರೆದುಕೊಳ್ಳುತ್ತವೆ. ಆದ್ದರಿಂದ ಪ್ರೊಫೈಲ್ ಸಾಗಿಸುವುದೆಂದರೆ ಫೈಲ್ ಹೊತ್ತು ಹಾಕುವುದಷ್ಟೇ ಅಲ್ಲ, ಹಕ್ಕು ವರ್ಗಾಯಿಸುವುದು. ಹಳೆಯ ಖಾತೆಯಿಂದ ಲಾಗಿನ್ ಆಗಲು ಸಾಧ್ಯವಿರುವಾಗಲೇ ಮಾಡಿ ಮುಗಿಸಬೇಕಾದ ಕೆಲವು ಕೆಲಸ ಇದರಲ್ಲಿವೆ. ಅವನ್ನು ಆಮೇಲೆ ಮಾಡುತ್ತೇನೆ ಎಂದು ಕೂತವರಿಗೆ ಕೆಲವು ವಸ್ತು ಸಿಗುವುದೇ ಇಲ್ಲ.

ಸೇರಿಸುವ ಮುನ್ನ

ಒಂದಿಷ್ಟು ತಪಾಸಣೆ ಬೇಗ ಮುಗಿಸಬಹುದು. ವಿಂಡೋಸ್‌ನ ಹೋಮ್ ಆವೃತ್ತಿ ಡೊಮೇನ್‌ಗೆ ಸೇರುವುದಿಲ್ಲ. ಪ್ರೊ, ಎಂಟರ್‌ಪ್ರೈಸ್ ಅಥವಾ ಎಜುಕೇಷನ್ ಬೇಕು. ಅಂಗಡಿಯಿಂದ ತಂದ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಹೋಮ್, ಹಾಗಾಗಿ ಇದನ್ನು ಬಜೆಟ್ ಹಾಕುವಾಗಲೇ ನೋಡಿಕೊಳ್ಳಿ. ಕಂಪ್ಯೂಟರ್‌ನ ಹೆಸರು 15 ಅಕ್ಷರ ಮೀರದಿರಲಿ. ಗಡಿಯಾರ ಸರ್ವರ್‌ನದಕ್ಕಿಂತ ಐದು ನಿಮಿಷಕ್ಕೂ ಹೆಚ್ಚು ಹಿಂದೆ ಮುಂದೆ ಇದ್ದರೆ ಲಾಗಿನ್ ಕೈಕೊಡುತ್ತದೆ. ಮದರ್‌ಬೋರ್ಡ್ ಸೆಲ್ ಸತ್ತಿರುವ ಹಳೆಯ ಸಿಸ್ಟಂಗಳ ಮೇಲೆ ಕಣ್ಣಿಡಿ. ಡಿಎನ್‌ಎಸ್ ಜಾಗದಲ್ಲಿ ಡೊಮೇನ್ ಸರ್ವರ್‌ನ ವಿಳಾಸವೇ ಇರಬೇಕು. 'ಎರಡನೆಯದಕ್ಕೆ ಇರಲಿ' ಎಂದು ಗೂಗಲ್‌ನ 8.8.8.8 ಹಾಕಿಟ್ಟರೆ ಒಮ್ಮೆ ಸೇರುತ್ತದೆ, ಇನ್ನೊಮ್ಮೆ ಡೊಮೇನ್ ಸಿಗಲಿಲ್ಲ ಎನ್ನುತ್ತದೆ. ಇಂಥ ಆಗೊಮ್ಮೆ ಈಗೊಮ್ಮೆ ಬರುವ ತಕರಾರು ಹುಡುಕುವುದರಲ್ಲಿ ಭಾನುವಾರ ಪೂರ್ತಿ ಕಳೆದುಹೋಗುತ್ತದೆ.

ಪ್ರತಿ ಕಂಪ್ಯೂಟರ್‌ನಲ್ಲೂ ಪಾಸ್‌ವರ್ಡ್ ಗೊತ್ತಿರುವ ಒಂದು ಲೋಕಲ್ ಅಡ್ಮಿನ್ ಖಾತೆ ಇದೆಯೇ ಎಂಬುದು ಇದಕ್ಕಿಂತ ಮುಖ್ಯ. ವಿಂಡೋಸ್ 10 ಮತ್ತು 11ರಲ್ಲಿ ಜೊತೆಗೇ ಬರುವ ಅಡ್ಮಿನಿಸ್ಟ್ರೇಟರ್ ಖಾತೆ ಮೊದಲಿಂದಲೂ ನಿಷ್ಕ್ರಿಯ. ಸಿಬ್ಬಂದಿ ಬಳಸುತ್ತಿರುವುದು ಎಷ್ಟೋ ಸಲ ತಮ್ಮ ಸ್ವಂತ ಮೈಕ್ರೋಸಾಫ್ಟ್ ಖಾತೆ, ತೆರೆಯುವುದು ನಾಲ್ಕಂಕಿಯ ಪಿನ್‌ನಿಂದ, ಪಾಸ್‌ವರ್ಡ್ ಏನೆಂದು ಅವರಿಗೇ ನೆನಪಿಲ್ಲ. (ಯೂಸರ್ಸ್ ಒಳಗಿನ ಫೋಲ್ಡರ್‌ನ ಹೆಸರು ಐದೇ ಅಕ್ಷರಕ್ಕೆ ತುಂಡಾಗಿ ನಿಂತಿದ್ದರೆ ಅದು ಮೈಕ್ರೋಸಾಫ್ಟ್ ಖಾತೆಯ ಕುರುಹು, ಇಮೇಲ್ ವಿಳಾಸದ ಮೊದಲ ಐದು ಅಕ್ಷರವನ್ನು ಅದು ಎತ್ತಿಕೊಳ್ಳುತ್ತದೆ.) ಡೊಮೇನ್ ಜೊತೆಗಿನ ಸಂಬಂಧ ಏನಾದರೂ ತಪ್ಪಿದಾಗ ಒಳಗೆ ಹೋಗಲು ಈ ಲೋಕಲ್ ಅಡ್ಮಿನ್ ಖಾತೆಯೊಂದೇ ಗತಿ.

ದಿನ ಗೊತ್ತು ಮಾಡುವಾಗಲೂ ಕ್ಯಾಲೆಂಡರ್ ನೋಡಿ. ತೆರಿಗೆ ಸಲಹೆಗಾರರ ಕಚೇರಿಯಾದರೆ ತಿಂಗಳ 10ರಿಂದ 20ರವರೆಗೆ ಕೈಹಾಕಬೇಡಿ. ಜಿಎಸ್‌ಟಿಆರ್-1ರ ಗಡುವು 11, ಜಿಎಸ್‌ಟಿಆರ್-3ಬಿಯದು 20. ಆ ನಡುವೆ ಯಾರ ಡೆಸ್ಕ್‌ಟಾಪ್ ಖಾಲಿಯಾದರೂ ಕೇಳಬಾರದ ಮಾತು ಕೇಳಬೇಕಾಗುತ್ತದೆ.

ಏನೆಲ್ಲ ಎಲ್ಲಿದೆ

ಪ್ರೊಫೈಲ್ ಎಂದರೆ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಎಂದಷ್ಟೇ ತಿಳಿದು ಅವುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ನಿರಾಳವಾಗುವವರೇ ಹೆಚ್ಚು. ನಮ್ಮ ಕಚೇರಿಗಳಲ್ಲಿ ಡೆಸ್ಕ್‌ಟಾಪೇ ಕಪಾಟು ಎಂಬುದು ನಿಜ; 'ನ್ಯೂ ಫೋಲ್ಡರ್ (7)' ಒಳಗೆ ಹಿಂದಿನ ವರ್ಷದ ಆಡಿಟ್ ವರದಿ ಸಿಗುವುದೂ ನಿಜ. ಆದರೆ ಸೋಮವಾರ ಕೂಗಾಟವಾಗುವುದು ಇವುಗಳಿಗಿಂತ ಹೆಚ್ಚಾಗಿ ಆಪ್‌ಡೇಟಾ ಎಂಬ ಅಡಗಿಸಿಟ್ಟ ಫೋಲ್ಡರ್‌ನಲ್ಲಿ ಇದ್ದವುಗಳಿಗೆ. ಪ್ರತಿಯೊಬ್ಬರ ಪಕ್ಕ ಹದಿನೈದು ನಿಮಿಷ ಕೂತು, ದಿನವಿಡೀ ಅವರು ಏನೇನು ತೆರೆಯುತ್ತಾರೆ ಎಂದು ನೋಡಿ ಬರೆದುಕೊಳ್ಳಿ. ಯಾವ ಸಾಫ್ಟ್‌ವೇರೂ ಮಾಡದ ಕೆಲಸ ಇದು.

ಕನ್ನಡದಿಂದಲೇ ಶುರು ಮಾಡೋಣ. ಕರ್ನಾಟಕದ ಕಚೇರಿಗಳಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ, ಇಲ್ಲವೇ ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಸಾವಿರಾರು ಪತ್ರ, ನಡಾವಳಿ, ಟಿಪ್ಪಣಿಗಳಿವೆ. ಅವು ಯೂನಿಕೋಡ್ ಅಲ್ಲ; ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ ಕಾಣುತ್ತದೆ. ವಿಂಡೋಸ್ 10ರ 1809 ಆವೃತ್ತಿಯಿಂದ ಫಾಂಟ್ ಫೈಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿದರೆ ಅದು ಆ ಬಳಕೆದಾರರೊಬ್ಬರಿಗೆ ಮಾತ್ರ ಸಿಗುವಂತೆ ಅವರ ಆಪ್‌ಡೇಟಾ ಒಳಗೆ ಹೋಗಿ ಕೂರುತ್ತದೆ, ಎಲ್ಲರಿಗೂ ಸೇರಿದ ವಿಂಡೋಸ್ ಫಾಂಟ್ಸ್ ಫೋಲ್ಡರ್‌ಗೆ ಹೋಗುವುದಿಲ್ಲ. ಹೊಸ ಪ್ರೊಫೈಲ್‌ಗೆ ಅದು ಇಲ್ಲವೇ ಇಲ್ಲ. ನುಡಿಯನ್ನೇ ಇನ್‌ಸ್ಟಾಲ್ ಮಾಡಿದವರಿಗೆ ಈ ತೊಂದರೆ ಕಡಿಮೆ. ಯಾರೋ ವಾಟ್ಸ್ಆಪ್‌ನಲ್ಲಿ ಕಳಿಸಿದ ಫಾಂಟ್ ಹಾಕಿಕೊಂಡವರಿಗೆ ಖಾತ್ರಿ. ಫಾಂಟ್ ಫೈಲ್‌ಗಳನ್ನು ಆರಿಸಿ ರೈಟ್ ಕ್ಲಿಕ್ ಮಾಡಿ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಕೊಟ್ಟರೆ ಮುಂದೆ ಯಾರು ಲಾಗಿನ್ ಆದರೂ ಸಿಗುತ್ತದೆ. ಕನ್ನಡ ಕೀಬೋರ್ಡ್ ಕೂಡ ಹೀಗೇ ಆಯಾ ಬಳಕೆದಾರರ ಸೆಟ್ಟಿಂಗ್. 2019ರ ಮೇ ಅಪ್‌ಡೇಟ್‌ನಲ್ಲಿ ಬಂದ ಕನ್ನಡ ಫೊನೆಟಿಕ್ ಕೀಬೋರ್ಡ್‌ಗೆ ಕೈ ಒಗ್ಗಿದವರಿಗೆ ಇನ್‌ಸ್ಕ್ರಿಪ್ಟ್ ಸಿಕ್ಕರೆ ಏನೂ ಸಿಗದಂತೆಯೇ. ಯಾರದು ಯಾವುದು ಎಂದು ಬರೆದಿಟ್ಟುಕೊಳ್ಳಿ.

ಮೇಲ್ ವಿಚಾರದಲ್ಲಿ ನಿಧಾನವೇ ಲೇಸು. ಔಟ್‌ಲುಕ್‌ನಲ್ಲಿ ಎರಡು ಬಗೆಯ ಫೈಲ್ ಇರುತ್ತವೆ. ಪಿಎಸ್‌ಟಿ ಎಂಬುದು ಅಸಲು ದಾಸ್ತಾನು. ಪಿಒಪಿ ಬಗೆಯ ಖಾತೆಯಲ್ಲಿ ಮೇಲ್ ಸರ್ವರ್‌ನಿಂದ ಇಳಿದ ಮೇಲೆ ಇರುವುದು ಅದೊಂದರಲ್ಲೇ ಆಗಿರಬಹುದು. ಈಗ ಅದು ಡಾಕ್ಯುಮೆಂಟ್ಸ್‌ನ ಔಟ್‌ಲುಕ್ ಫೈಲ್ಸ್ ಫೋಲ್ಡರ್‌ನಲ್ಲಿ ಇರುವುದು ವಾಡಿಕೆ, ಹಳೆಯ ಆವೃತ್ತಿಯಿಂದ ಬಂದದ್ದಾದರೆ ಆಪ್‌ಡೇಟಾ ಒಳಗೆ. ಔಟ್‌ಲುಕ್ ಮುಚ್ಚಿ ಅದನ್ನು ನಕಲಿಸಿ ಹೊಸ ಪ್ರೊಫೈಲ್‌ನಲ್ಲಿ ತೆರೆದರೆ ಸಾಕು. ಒಎಸ್‌ಟಿ ಎಂಬುದು ಸರ್ವರ್‌ನಲ್ಲಿರುವುದರ ಪ್ರತಿ. ಬೇರೆ ಪ್ರೊಫೈಲ್‌ನಲ್ಲಿ ತೆರೆಯುವುದಿಲ್ಲ, ಮತ್ತೆ ತಾನೇ ಇಳಿದು ಕಟ್ಟಿಕೊಳ್ಳುತ್ತದೆ. 'ಹಾಗಾದರೆ ಬಿಟ್ಟುಬಿಡೋಣ' ಎನ್ನುವ ಮುನ್ನ ಒಂದು ನೋಡಿ: ಐಮ್ಯಾಪ್ ಖಾತೆಯಾದರೆ ಔಟ್‌ಲುಕ್‌ನಲ್ಲಿ ಕ್ಯಾಲೆಂಡರ್ ಮತ್ತು ಕಾಂಟ್ಯಾಕ್ಟ್ಸ್ ಪಕ್ಕ 'ದಿಸ್ ಕಂಪ್ಯೂಟರ್ ಓನ್ಲಿ' ಎಂದು ಬರೆದಿರುತ್ತದೆ. ಅದು ಇರುವುದು ಆ ಒಎಸ್‌ಟಿಯಲ್ಲಿ ಮಾತ್ರ, ಸರ್ವರ್‌ನಲ್ಲಿ ಇಲ್ಲ. ಹಳೆಯ ಖಾತೆಯಲ್ಲಿರುವಾಗಲೇ ಪಿಎಸ್‌ಟಿಗೆ ಎಕ್ಸ್‌ಪೋರ್ಟ್ ಮಾಡಿಕೊಳ್ಳದಿದ್ದರೆ ವರ್ಷಗಳಿಂದ ಕೂಡಿಸಿದ ಗ್ರಾಹಕರ ನಂಬರುಗಳಿಗೆ ಎಳ್ಳುನೀರು. ಮೇಲ್‌ನ ಕೆಳಗೆ ಬರುವ ಸಹಿ ಆಪ್‌ಡೇಟಾದ ರೋಮಿಂಗ್ ಭಾಗದಲ್ಲಿ, ಮೈಕ್ರೋಸಾಫ್ಟ್ ಒಳಗಿನ ಸಿಗ್ನೇಚರ್ಸ್ ಫೋಲ್ಡರ್‌ನಲ್ಲಿದೆ.

ವರ್ಡ್ ಬಳಸುವವರು ಆಟೋಕರೆಕ್ಟ್‌ನಲ್ಲಿ ತಮ್ಮದೇ ಸಂಕ್ಷಿಪ್ತ ರೂಪ ಹಾಕಿಕೊಂಡಿರುತ್ತಾರೆ. ನಾಲ್ಕಕ್ಷರ ಹೊಡೆದರೆ ಇಲಾಖೆಯ ಪೂರ್ತಿ ವಿಳಾಸ ಬರುವ ಹಾಗೆ. ಅದು ರೋಮಿಂಗ್‌ನ ಮೈಕ್ರೋಸಾಫ್ಟ್ ಆಫೀಸ್ ಫೋಲ್ಡರ್‌ನಲ್ಲಿದೆ. ಲೆಟರ್‌ಹೆಡ್, ಮ್ಯಾಕ್ರೊ ಇರುವ ನಾರ್ಮಲ್ ಎಂಬ ಮೂಲ ಟೆಂಪ್ಲೇಟ್ ಅಲ್ಲೇ ಪಕ್ಕದ ಟೆಂಪ್ಲೇಟ್ಸ್‌ನಲ್ಲಿ. ಪರದೆಯ ಮೇಲೆ ಅಂಟಿಸುವ ಹಳದಿ ಸ್ಟಿಕಿ ನೋಟ್ಸ್ ಅನ್ನು ಯಾರೂ ಪಟ್ಟಿಯಲ್ಲಿ ಬರೆಸುವುದಿಲ್ಲ, ಆದರೆ ಪೋರ್ಟಲ್ ಪಾಸ್‌ವರ್ಡೆಲ್ಲ ಇರುವುದು ಅದರಲ್ಲೇ! ವಿಂಡೋಸ್ 10ರ ಸ್ಟಿಕಿ ನೋಟ್ಸ್ ತನ್ನ ಬರಹವನ್ನೆಲ್ಲ ಆಪ್‌ಡೇಟಾದ ಪ್ಯಾಕೇಜಸ್ ಒಳಗೆ ಪ್ಲಮ್ ಎಂಬ ಡೇಟಾಬೇಸ್ ಫೈಲ್‌ನಲ್ಲಿ ಇಡುತ್ತದೆ. ಆಪ್ ಮುಚ್ಚಿ, ಅದೇ ಹೆಸರಿನಿಂದ ಶುರುವಾಗುವ ಜೊತೆ ಫೈಲ್‌ಗಳನ್ನೂ ಸೇರಿಸಿ ನಕಲಿಸಿ.

ಟ್ಯಾಲಿಯ ಬಗ್ಗೆ ಎಲ್ಲರಿಗೂ ಆತಂಕ, ಆದರೆ ಸಾಮಾನ್ಯವಾಗಿ ಅದಕ್ಕೇನೂ ಆಗುವುದಿಲ್ಲ. ಅದರ ಡೇಟಾ ಇರುವುದು ಬಳಕೆದಾರರ ಪ್ರೊಫೈಲ್‌ನ ಹೊರಗೆ. ಆದರೂ ಯಾರಾದರೂ ಅದನ್ನು ಡೆಸ್ಕ್‌ಟಾಪ್‌ಗೆ ಎಳೆದಿದ್ದರೆ? ಡೇಟಾ ಪಾತ್ ನೋಡಿ ಬರೆದುಕೊಳ್ಳಿ, ಬ್ಯಾಕಪ್ ತೆಗೆಯಿರಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗೂ ಭಯವಿಲ್ಲ, ಕೀಲಿ ಟೋಕನ್‌ನೊಳಗೇ ಇದೆ. ವಾಟ್ಸ್ಆಪ್ ಡೆಸ್ಕ್‌ಟಾಪ್ ಮತ್ತೆ ಫೋನ್ ಹಿಡಿದು ಜೋಡಿಸಿದರಾಯಿತು.

ಒನ್‌ಡ್ರೈವ್ ಇರುವ ಕಡೆ ಒಂದು ಸೂಕ್ಷ್ಮ. ಫೈಲ್ ಪಕ್ಕ ಮೋಡದ ಗುರುತು ಇದ್ದರೆ ಅದು ಕಂಪ್ಯೂಟರ್‌ನಲ್ಲಿ ಇಲ್ಲ, ಹೆಸರು ಮಾತ್ರ ಇದೆ. ಅದನ್ನು ನಕಲಿಸಹೊರಟರೆ ಮೊದಲು ಇಂಟರ್ನೆಟ್‌ನಿಂದ ಇಳಿಯಬೇಕು. ಅಷ್ಟೇ ಅಲ್ಲ, ಆ ಒನ್‌ಡ್ರೈವ್ ನೌಕರರ ಸ್ವಂತದ್ದೋ ಕಚೇರಿಯದ್ದೋ ಎಂಬುದನ್ನು ಈ ಹೊತ್ತಿನಲ್ಲೇ ಇತ್ಯರ್ಥ ಮಾಡಿಕೊಳ್ಳಿ. ಕಚೇರಿಯ ಕಡತ ಒಬ್ಬರ ಸ್ವಂತ ಖಾತೆಯಲ್ಲಿ ಇರುವುದು ಇಬ್ಬರಿಗೂ ಒಳ್ಳೆಯದಲ್ಲ.

ನಕಲು ಮಾಡಿದರೂ ಕೆಲಸಕ್ಕೆ ಬಾರದವು

ಈ ಲೇಖನದಿಂದ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಈ ಭಾಗವನ್ನು ಇಟ್ಟುಕೊಳ್ಳಿ. ಕ್ರೋಮ್, ಎಡ್ಜ್‌ಗಳು ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು, ಸರ್ಟಿಫಿಕೇಟ್‌ಗಳ ಖಾಸಗಿ ಕೀಲಿಯನ್ನು ವಿಂಡೋಸ್ ಗುಪ್ತಲಿಪಿಯಲ್ಲಿ ಇಡುತ್ತದೆ. ಆ ಗುಪ್ತಲಿಪಿಯ ಮೂಲ ಕೀಲಿ ಬಳಕೆದಾರರ ಪಾಸ್‌ವರ್ಡ್ ಮತ್ತು ಅವರ ಸಿಡ್ ಎರಡಕ್ಕೂ ಗಂಟುಬಿದ್ದಿದೆ. ಕ್ರೋಮ್‌ನ ಫೋಲ್ಡರನ್ನು ಇದ್ದ ಹಾಗೇ ಹೊಸ ಪ್ರೊಫೈಲ್‌ಗೆ ಹಾಕಿದರೆ ಬುಕ್‌ಮಾರ್ಕ್ ಬರುತ್ತವೆ, ಹಿಸ್ಟರಿ ಬರುತ್ತದೆ, ಪಾಸ್‌ವರ್ಡ್ ಬರುವುದಿಲ್ಲ. 2024ರಲ್ಲಿ ಬಂದ ಕ್ರೋಮ್ 127ರಿಂದ ಇದರ ಮೇಲೆ ಇನ್ನೊಂದು ಪದರದ ರಕ್ಷಣೆಯೂ ಸೇರಿದೆ. ದಾರಿ ಹೀಗಿದೆ: ಹಳೆಯ ಖಾತೆಯಲ್ಲಿ ಕ್ರೋಮ್ ತೆರೆದು ಪಾಸ್‌ವರ್ಡ್ ಮ್ಯಾನೇಜರ್‌ನಿಂದ ಎಕ್ಸ್‌ಪೋರ್ಟ್ ಮಾಡಿ, ಹೊಸದರಲ್ಲಿ ಇಂಪೋರ್ಟ್ ಮಾಡಿ. ಎಕ್ಸ್‌ಪೋರ್ಟ್ ಆದ ಫೈಲ್ ಯಾರು ಬೇಕಾದರೂ ಓದಬಹುದಾದ ಪಟ್ಟಿ. ಕೆಲಸ ಮುಗಿದ ಕೂಡಲೇ ಅಳಿಸಿ, ರೀಸೈಕಲ್ ಬಿನ್ನಿಂದಲೂ ಅಳಿಸಿ. ಫೈರ್‌ಫಾಕ್ಸ್ ಬಳಸುವವರು ಪುಣ್ಯವಂತರು. ಅದು ತನ್ನ ಕೀಲಿಯನ್ನು ತನ್ನ ಪ್ರೊಫೈಲ್ ಫೋಲ್ಡರ್‌ನಲ್ಲೇ ಇಟ್ಟುಕೊಳ್ಳುವುದರಿಂದ ಪೂರ್ತಿ ಫೋಲ್ಡರ್ ನಕಲಿಸಿದರೆ ಪಾಸ್‌ವರ್ಡೂ ಜೊತೆಗೇ ಬರುತ್ತದೆ.

ನೌಕರರು ರಜೆಯಲ್ಲಿದ್ದಾರೆ, ಪಾಸ್‌ವರ್ಡ್ ಗೊತ್ತಿಲ್ಲ ಎಂದು ಅಡ್ಮಿನ್ ಖಾತೆಯಿಂದ ಅವರ ಲೋಕಲ್ ಪಾಸ್‌ವರ್ಡನ್ನು ಬಲವಂತವಾಗಿ ರೀಸೆಟ್ ಮಾಡುವುದು ನಮ್ಮಲ್ಲಿ ಸಾಮಾನ್ಯ. ಮಾಡಬೇಡಿ. ಹಾಗೆ ಮಾಡಿದರೆ ಮೇಲೆ ಹೇಳಿದ ಗುಪ್ತಲಿಪಿಯ ಗಂಟು ಅಲ್ಲೇ ಕಡಿದುಹೋಗುತ್ತದೆ. ವಿಂಡೋಸ್ ಎಚ್ಚರಿಕೆಯ ಪೆಟ್ಟಿಗೆಯಲ್ಲಿ ಇದನ್ನೇ ಹೇಳುತ್ತದೆ, ಓದದೆ ಓಕೆ ಒತ್ತುವುದು ನಾವು. ರಜೆಯಲ್ಲಿರುವವರ ಸಿಸ್ಟಂ ಅವರು ಬರುವವರೆಗೆ ಕಾಯಲಿ.

ಎಲ್ಲಕ್ಕಿಂತ ಅಪಾಯದ್ದು ವಿಂಡೋಸ್‌ನ ಇಎಫ್‌ಎಸ್ ಎನ್‌ಕ್ರಿಪ್ಷನ್. ಫೈಲ್ ಪ್ರಾಪರ್ಟೀಸ್‌ನಲ್ಲಿ ಯಾರೋ ಕುತೂಹಲಕ್ಕೆ ಒಂದು ಟಿಕ್ ಹಾಕಿದ್ದರೂ ಸಾಕು, ಆ ಫೈಲನ್ನು ಹಳೆಯ ಖಾತೆಯ ಸರ್ಟಿಫಿಕೇಟ್ ಇಲ್ಲದೆ ಅಡ್ಮಿನ್ ಕೂಡ ತೆರೆಯಲಾರ. ಸೈಫರ್ ಎಂಬ ಕಮಾಂಡ್‌ಗೆ ಸ್ಲ್ಯಾಶ್ ಯು, ಸ್ಲ್ಯಾಶ್ ಎನ್ ಸೇರಿಸಿ ಓಡಿಸಿದರೆ ಅಂಥ ಫೈಲ್‌ಗಳ ಪಟ್ಟಿ ಬರುತ್ತದೆ. ಇದ್ದರೆ ಆ ಖಾತೆಯಲ್ಲಿ ಕೂತು ಟಿಕ್ ತೆಗೆಯಿರಿ, ಇಲ್ಲವೇ ಸರ್ಟಿಫಿಕೇಟನ್ನು ಖಾಸಗಿ ಕೀಲಿ ಸಮೇತ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಬಿಟ್‌ಲಾಕರ್ ಬೇರೆ ವಿಚಾರ, ಅದು ಬಳಕೆದಾರರಿಗಲ್ಲ ಡ್ರೈವ್‌ಗೆ ಸೇರಿದ್ದು. ಅದರ ರಿಕವರಿ ಕೀ ಎಲ್ಲಿದೆ ಎಂದು ನೋಡಿಟ್ಟುಕೊಂಡರೆ ಸಾಕು.

ಸಾಗಿಸುವ ದಾರಿಗಳು

ವಿಸ್ಟಾದಿಂದ ವಿಂಡೋಸ್ 8ರವರೆಗೆ ಈಸಿ ಟ್ರಾನ್ಸ್‌ಫರ್ ಎಂಬ ಸುಲಭದ ಸಾಧನ ಇತ್ತು. ವಿಂಡೋಸ್ 10ರಲ್ಲಿ ಅದನ್ನು ತೆಗೆದರು. ಸಿಸ್ಟಂ ಪ್ರಾಪರ್ಟೀಸ್‌ನಲ್ಲಿ ಪ್ರೊಫೈಲ್ 'ಕಾಪಿ ಟು' ಮಾಡುವ ಗುಂಡಿ ಇನ್ನೂ ಇದೆ, ಆದರೆ ವಿಂಡೋಸ್ 7ರಿಂದ ಡೀಫಾಲ್ಟ್ ಪ್ರೊಫೈಲ್ ಒಂದಕ್ಕೆ ಬಿಟ್ಟು ಉಳಿದದ್ದಕ್ಕೆ ಮಸುಕಾಗಿಯೇ ಇರುತ್ತದೆ. ಹಳೆಯ ಪುಸ್ತಕ ನೋಡಿ ಅದನ್ನು ಹುಡುಕುತ್ತ ಕೂರಬೇಡಿ.

ಹತ್ತರೊಳಗಿನ ಕಂಪ್ಯೂಟರ್ ಇರುವ ಕಚೇರಿಗೆ ನಾನು ಹೇಳುವುದು ಕೈಯಿಂದಲೇ ಸಾಗಿಸಿ ಎಂದು. ಡೊಮೇನ್ ಖಾತೆಯಲ್ಲಿ ಒಮ್ಮೆ ಲಾಗಿನ್ ಆಗಿ ಹೊಸ ಪ್ರೊಫೈಲ್ ಹುಟ್ಟಲು ಬಿಡಿ, ಲಾಗೌಟ್ ಆಗಿ, ಲೋಕಲ್ ಅಡ್ಮಿನ್ ಆಗಿ ಒಳಹೊಕ್ಕು ಬೇಕಾದ ಫೋಲ್ಡರ್‌ಗಳನ್ನು ಹಳೆಯದರಿಂದ ಹೊಸದಕ್ಕೆ ನಕಲಿಸಿ. ಮೌಸ್‌ನಿಂದ ಎಳೆಯುವ ಬದಲು ವಿಂಡೋಸ್ ಜೊತೆಗೇ ಬರುವ ರೋಬೋಕಾಪಿ ಬಳಸಿ. ಅದಕ್ಕೆ ಸ್ಲ್ಯಾಶ್ ಇ ಕೊಟ್ಟರೆ ಒಳಗಿನ ಫೋಲ್ಡರೆಲ್ಲ ಬರುತ್ತವೆ. ಸ್ಲ್ಯಾಶ್ ಎಕ್ಸ್‌ಜೆ ಮರೆಯಲೇಬೇಡಿ. ಆಪ್‌ಡೇಟಾದ ಲೋಕಲ್ ಒಳಗೆ 'ಅಪ್ಲಿಕೇಶನ್ ಡೇಟಾ' ಎಂಬ ಕಾಣದ ಕೊಂಡಿಯೊಂದಿದೆ, ಅದು ತೋರಿಸುವುದು ಮತ್ತೆ ಅದೇ ಲೋಕಲ್ ಫೋಲ್ಡರನ್ನು. ಎಕ್ಸ್‌ಜೆ ಇಲ್ಲದಿದ್ದರೆ ರೋಬೋಕಾಪಿ ಅದರೊಳಗೆ ಹೋಗಿ, ಅದರೊಳಗೆ ಮತ್ತೆ ಅದನ್ನೇ ಕಂಡು, ದಾರಿಯ ಹೆಸರು ಮಿತಿ ಮೀರುವವರೆಗೆ ಒಳಗಿಳಿಯುತ್ತಲೇ ಇರುತ್ತದೆ. ಸ್ಲ್ಯಾಶ್ ಆರ್ 1, ಸ್ಲ್ಯಾಶ್ ಡಬ್ಲ್ಯೂ 1 ಎಂದೂ ಹೇಳಿ. ಇಲ್ಲವಾದರೆ ತೆರೆಯದ ಒಂದು ಫೈಲ್‌ಗಾಗಿ ಅದು ಹತ್ತು ಲಕ್ಷ ಸಲ, ಪ್ರತಿ ಸಲಕ್ಕೆ 30 ಸೆಕೆಂಡ್ ಕಾಯುತ್ತ ಪ್ರಯತ್ನಿಸುವಂತೆ ಮೊದಲಿನಿಂದ ಹೊಂದಿಸಿಟ್ಟಿದ್ದಾರೆ. ಅನುಮತಿಗಳನ್ನೂ ನಕಲಿಸುವ 'ಕಾಪಿಆಲ್' ಬೇಡ: ಹಳೆಯ ಸಿಡ್‌ನ ಹಕ್ಕು ಹೊಸ ಜಾಗಕ್ಕೂ ಅಂಟಿಕೊಂಡು ಬಂದರೆ ಮಾಡಿದ್ದೆಲ್ಲ ವ್ಯರ್ಥ. ಕಟ್ ಮಾಡಿ ಪೇಸ್ಟ್ ಮಾಡುವುದೂ ಇದೇ ಕಾರಣಕ್ಕೆ ಬೇಡ, ಒಂದೇ ಡ್ರೈವ್‌ನೊಳಗೆ ಸ್ಥಳಾಂತರಿಸಿದ ಫೈಲ್ ಹಳೆಯ ಅನುಮತಿಯನ್ನು ಉಳಿಸಿಕೊಳ್ಳಬಹುದು. ಎನ್‌ಟಿಯೂಸರ್ ಹೆಸರಿನ ಯಾವ ಫೈಲನ್ನೂ ಮುಟ್ಟಬೇಡಿ. ಆಪ್‌ಡೇಟಾ ಪೂರ್ತಿ ತರುವ ಆಸೆಯೂ ಬೇಡ. ಪಟ್ಟಿಯಲ್ಲಿ ಬರೆದುಕೊಂಡದ್ದನ್ನಷ್ಟೇ ಆರಿಸಿ ತನ್ನಿ. ಐದಾರು ವರ್ಷದ ಕಸ ಹಿಂದೆಯೇ ಉಳಿಯುವುದು ಈ ದಾರಿಯ ಲಾಭ. ವಾಲ್‌ಪೇಪರ್, ಐಕಾನ್‌ಗಳ ಜಾಗ, ಪ್ರಿಂಟರ್ ಆಯ್ಕೆ ಮತ್ತೆ ಮಾಡಬೇಕಾಗುವುದು ನಷ್ಟ.

ಇನ್ನೊಂದು ದಾರಿಯಲ್ಲಿ ಫೈಲ್ ಕದಲುವುದೇ ಇಲ್ಲ, ಹಕ್ಕು ಮಾತ್ರ ಬದಲಾಗುತ್ತದೆ. ಫೊರೆನ್ಸಿಟ್ ಸಂಸ್ಥೆಯ ಯೂಸರ್ ಪ್ರೊಫೈಲ್ ವಿಝಾರ್ಡ್ ಇದಕ್ಕೆ ಹೆಸರುವಾಸಿ. ಫೋಲ್ಡರ್ ಮತ್ತು ರಿಜಿಸ್ಟ್ರಿಯಲ್ಲಿ ಹಳೆಯ ಸಿಡ್‌ಗೆ ಇದ್ದ ಅನುಮತಿಯನ್ನು ಡೊಮೇನ್ ಖಾತೆಗೆ ಕೊಟ್ಟು, ಪ್ರೊಫೈಲ್‌ಲಿಸ್ಟ್‌ನಲ್ಲಿ ಹೊಸ ಸಿಡ್ ಹಳೆಯ ಫೋಲ್ಡರನ್ನೇ ತೋರಿಸುವಂತೆ ಮಾಡುತ್ತದೆ. ಮೇಡಂ ಸೋಮವಾರ ಬಂದಾಗ ಮೊಮ್ಮಗಳ ಫೋಟೊ ಅಲ್ಲೇ ಇರುತ್ತದೆ. ಮೂವತ್ತು, ನಲವತ್ತು ಸಿಸ್ಟಂ ಇರುವ ಕಡೆ ಇದೇ ವಾಸಿ. ಆದರೆ ಪಾಸ್‌ವರ್ಡ್‌ಗಳ ಗುಪ್ತಲಿಪಿಯ ತೊಡಕು ಇಲ್ಲೂ ತಪ್ಪದು ಎಂದುಕೊಂಡೇ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಸ್ಟೋರ್‌ನಿಂದ ಬಂದ ಆಪ್‌ಗಳು ಒಮ್ಮೊಮ್ಮೆ ತೆರೆಯದೆ ಹಟ ಮಾಡುತ್ತವೆ. ಇದೇ ಕೆಲಸವನ್ನು ರಿಜಿಸ್ಟ್ರಿಗೆ ಕೈಹಾಕಿ ತಾವೇ ಮಾಡಬಹುದೆಂದು ವಿಡಿಯೊಗಳಲ್ಲಿ ತೋರಿಸುವವರಿದ್ದಾರೆ. ಮಾಡಬಹುದು, ಮಾಡಬಾರದು.

ಹಳೆಯ ಕಂಪ್ಯೂಟರ್ ಬಿಟ್ಟು ಹೊಸದಕ್ಕೇ ಹೋಗುತ್ತಿದ್ದರೆ ಮೈಕ್ರೋಸಾಫ್ಟ್‌ನದೇ ಯೂಸರ್ ಸ್ಟೇಟ್ ಮೈಗ್ರೇಷನ್ ಟೂಲ್ ಇದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತ ಮೇಲೆ ಸಿಸ್ಟಂ ಬದಲಿಸುತ್ತಿರುವ ಕಚೇರಿಗಳೂ ಇದನ್ನು ನೋಡಬಹುದು. ವಿಂಡೋಸ್ ಎಡಿಕೆ ಎಂಬ ಉಚಿತ ಕಿಟ್‌ನ ಭಾಗ ಇದು. ಹಳೆಯದರಲ್ಲಿ ಸ್ಕ್ಯಾನ್‌ಸ್ಟೇಟ್ ಓಡಿಸಿದರೆ ಫೈಲು, ಸೆಟ್ಟಿಂಗು ಒಂದು ಗಂಟಾಗುತ್ತದೆ. ಹೊಸದರಲ್ಲಿ ಲೋಡ್‌ಸ್ಟೇಟ್ ಓಡಿಸುವಾಗ ಎಂಯು ಎಂಬ ಆಯ್ಕೆ ಕೊಟ್ಟು, ಲೋಕಲ್ ಮಂಜುವಿನದನ್ನು ಡೊಮೇನ್ ಮಂಜುಗೆ ಬಿಚ್ಚು ಎಂದು ಹೇಳಬಹುದು. ಪ್ರೋಗ್ರಾಂಗಳನ್ನು ಅದು ಸಾಗಿಸುವುದಿಲ್ಲ. ಅವನ್ನು ಹೊಸದರಲ್ಲಿ ಮೊದಲೇ ಹಾಕಿಟ್ಟಿದ್ದರೆ ಅವುಗಳ ಸೆಟ್ಟಿಂಗ್ ಸರಿಯಾಗಿ ಕೂರುತ್ತದೆ. ಕಪ್ಪು ಪರದೆಯ ಕಮಾಂಡ್‌ಗೆ ಹೆದರುವವರಿಗೆ ಇದು ಹೇಳಿಸಿದ್ದಲ್ಲ.

ಯಾವ ದಾರಿ ಹಿಡಿದರೂ ಮೊದಲು ಒಂದೇ ಕಂಪ್ಯೂಟರ್‌ನಲ್ಲಿ ಮಾಡಿ ನೋಡಿ. ಅದಕ್ಕೆ ಸಾಮಾನ್ಯವಾಗಿ ಯಾರೂ ಹೆಚ್ಚು ಬಳಸದ, ಚೊಕ್ಕವಾದ ಸಿಸ್ಟಂ ಆರಿಸುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಕಚೇರಿಯಲ್ಲಿ ಅತಿ ಹೆಚ್ಚು ಗೋಜಲಿರುವ ಸಿಸ್ಟಂ ಯಾವುದು, ಐಕಾನ್‌ಗಳಿಂದ ಪರದೆಯೇ ಮುಚ್ಚಿಹೋಗಿರುವುದು ಯಾರದ್ದು, ಅದನ್ನು ಆರಿಸಿ. ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಮಾಡಿ.

ಮೈಕ್ರೋಸಾಫ್ಟ್ 365 ತೆಗೆದುಕೊಂಡು ಸರ್ವರ್ ಇಲ್ಲದೆ ಎಂಟ್ರಾ ಐಡಿಗೆ ನೇರವಾಗಿ ಸೇರುವ ಕಚೇರಿಗಳಲ್ಲೂ ಕಥೆ ಇದೇ. ಅಲ್ಲೂ ಹೊಸ ಸಿಡ್, ಹೊಸ ಪ್ರೊಫೈಲ್. 2012ರ ಡಿಸೆಂಬರ್‌ನಲ್ಲಿ ಬಂದ ಸಾಂಬಾ 4ರಿಂದ ಲಿನಕ್ಸ್ ಸರ್ವರ್ ಕೂಡ ಇಂಥ ಡೊಮೇನ್ ನಡೆಸಬಲ್ಲದು. ಲೈಸೆನ್ಸ್ ಖರ್ಚು ಉಳಿಸಲು ಅದನ್ನು ಹಾಕಿದವರಿಗೂ ಕಂಪ್ಯೂಟರ್ ಕಡೆಯ ಕೆಲಸ ಒಂದಿಷ್ಟೂ ಬದಲಾಗುವುದಿಲ್ಲ.

ಸೇರಿದ ಮೇಲೆ

ಮೊದಲ ವಾರದ ದೂರುಗಳಲ್ಲಿ ಅರ್ಧ ಪ್ರೊಫೈಲ್‌ನದ್ದಲ್ಲ, ಅಧಿಕಾರದ್ದು. ನಿನ್ನೆಯವರೆಗೆ ತಮ್ಮ ಕಂಪ್ಯೂಟರ್‌ಗೆ ತಾವೇ ಅಡ್ಮಿನ್ ಆಗಿದ್ದವರು ಡೊಮೇನ್‌ನಲ್ಲಿ ಸಾಮಾನ್ಯ ಬಳಕೆದಾರರು. ಡಿಜಿಟಲ್ ಸಹಿ ಹಾಕುವ ಎಮ್‌ಸೈನರ್‌ನಂಥ ಪ್ರೋಗ್ರಾಂಗಳನ್ನು 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಕೊಟ್ಟು ತೆರೆದು ರೂಢಿಯಾಗಿದ್ದವರಿಗೆ ಈಗ ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಎದುರಾಗುತ್ತದೆ. ಎಲ್ಲರನ್ನೂ ಮತ್ತೆ ಅಡ್ಮಿನ್ ಮಾಡಿ ಕೈತೊಳೆದುಕೊಳ್ಳುವುದು ಸುಲಭ, ಆದರೆ ಡೊಮೇನ್ ಮಾಡಿದ ಉದ್ದೇಶವೇ ಹಾಳು. ಆ ಒಂದು ಪ್ರೋಗ್ರಾಂಗೆ ಏನು ಬೇಕೋ ಅಷ್ಟು ಮಾಡಿಕೊಡಿ. ಹಳೆಯ ಖಾತೆಯ ಹೆಸರಿನಲ್ಲಿ ರಾತ್ರಿ ಓಡುವ ಬ್ಯಾಕಪ್‌ನಂಥ ಶೆಡ್ಯೂಲ್ಡ್ ಟಾಸ್ಕ್ ಇದ್ದರೆ ಅವನ್ನು ಹುಡುಕಿ ಬದಲಿಸಿ. ಅವು ನಿಂತರೂ ಸದ್ದು ಮಾಡುವುದಿಲ್ಲ.

ಲ್ಯಾಪ್‌ಟಾಪ್ ಇರುವವರು ಮನೆಗೆ ಒಯ್ಯುವ ಮುನ್ನ ಕಚೇರಿಯ ನೆಟ್‌ವರ್ಕ್‌ನಲ್ಲಿ ಇರುವಾಗಲೇ ಹೊಸ ಖಾತೆಯಿಂದ ಒಮ್ಮೆ ಲಾಗಿನ್ ಆಗಲೇಬೇಕು. ಆಮೇಲೆ ಸರ್ವರ್ ಕಾಣದಿದ್ದರೂ ವಿಂಡೋಸ್ ನೆನಪಿನಿಂದ ಒಳಗೆ ಬಿಡುತ್ತದೆ. ಕೊನೆಯದಾಗಿ ಲಾಗಿನ್ ಆದ 10 ಖಾತೆಗಳನ್ನು ಹೀಗೆ ನೆನಪಿಡುವುದು ಅದರ ರೂಢಿ. 'ಡೊಮೇನ್ ಜೊತೆಗಿನ ಟ್ರಸ್ಟ್ ರಿಲೇಷನ್‌ಶಿಪ್ ವಿಫಲವಾಗಿದೆ' ಎಂಬ ಸಂದೇಶ ಮುಂದೊಂದು ದಿನ ಬಂದರೆ ಗಾಬರಿ ಬೇಡ. ಜನರಂತೆ ಕಂಪ್ಯೂಟರ್‌ಗೂ ಡೊಮೇನ್‌ನಲ್ಲಿ ಪಾಸ್‌ವರ್ಡ್ ಇದೆ, ಅದು 30 ದಿನಕ್ಕೊಮ್ಮೆ ತಾನೇ ಬದಲಾಗುತ್ತದೆ. ಹಳೆಯ ಬ್ಯಾಕಪ್ ಇಮೇಜ್ ಹಾಕಿದಾಗ ಎರಡೂ ಕಡೆಯದು ತಾಳೆಯಾಗುವುದಿಲ್ಲ. ಲೋಕಲ್ ಅಡ್ಮಿನ್ ಆಗಿ ಹೋಗಿ ಡೊಮೇನ್‌ನಿಂದ ತೆಗೆದು ಮತ್ತೆ ಸೇರಿಸಿ. ಈ ಸಲ ಪ್ರೊಫೈಲ್ ಸಾಗಿಸುವ ಕೆಲಸ ಬರುವುದಿಲ್ಲ, ಬಳಕೆದಾರರ ಡೊಮೇನ್ ಸಿಡ್ ಮೊದಲಿನದೇ ಇರುತ್ತದೆ.

ಸರ್ವರ್ ಹೇಗೂ ಬಂದಾಗಿದೆ, ಫೋಲ್ಡರ್ ರೀಡೈರೆಕ್ಷನ್‌ನಿಂದ ಎಲ್ಲರ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಸರ್ವರ್‌ನಲ್ಲೇ ಇರುವಂತೆ ಮಾಡಿಬಿಡಿ. ಬ್ಯಾಕಪ್ ಒಂದೇ ಕಡೆ ಸಾಕಾಗುತ್ತದೆ. ಲಾಗಿನ್ ಆದ ಕಡೆಗೆಲ್ಲ ಪ್ರೊಫೈಲ್ ಪೂರ್ತಿ ಹಿಂಬಾಲಿಸುವ ರೋಮಿಂಗ್ ಪ್ರೊಫೈಲ್ ಕೂಡ ಇದೆ. ಕೇಳಲು ಚೆಂದ. ಆದರೆ ನಿಧಾನ ನೆಟ್‌ವರ್ಕ್‌ನಲ್ಲಿ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಲಾಗಿನ್ ಆದರೆ ಕಾಫಿ ಕುಡಿದು ಬಂದರೂ ಡೆಸ್ಕ್‌ಟಾಪ್ ಕಾಣುವುದಿಲ್ಲ. ಸಣ್ಣ ಕಚೇರಿಗೆ ಅದು ಬೇಡವೆಂದೇ ನನ್ನ ಸಲಹೆ.

ಕೈಯಿಂದ ನಕಲಿಸಿದ್ದರೆ ಹಳೆಯ ಪ್ರೊಫೈಲನ್ನು ಒಂದು ತಿಂಗಳಾದರೂ ಮುಟ್ಟಬೇಡಿ, ತಿಂಗಳ ಕೊನೆಯ ಕೆಲಸ ಒಂದು ಸುತ್ತು ಮುಗಿಯಲಿ. ಲೋಕಲ್ ಖಾತೆಯನ್ನು ನಿಷ್ಕ್ರಿಯಗೊಳಿಸಿಡಿ. ಇಲ್ಲವಾದರೆ ಅಭ್ಯಾಸಬಲದಿಂದ ಅದಕ್ಕೇ ಲಾಗಿನ್ ಆಗಿ ಹೊಸ ಫೈಲನ್ನೂ ಅಲ್ಲೇ ಉಳಿಸುವವರು ಒಬ್ಬರಾದರೂ ಇರುತ್ತಾರೆ. ಅಳಿಸುವ ದಿನ ಬಂದಾಗ ಯೂಸರ್ಸ್ ಫೋಲ್ಡರ್‌ಗೆ ಹೋಗಿ ಡಿಲೀಟ್ ಒತ್ತಬೇಡಿ. ಫೋಲ್ಡರ್ ಹೋದರೂ ಪ್ರೊಫೈಲ್‌ಲಿಸ್ಟ್‌ನಲ್ಲಿ ಅದರ ನಮೂದು ಉಳಿಯುತ್ತದೆ. ಆ ಖಾತೆ ಮುಂದೆಂದಾದರೂ ಬೇಕಾದರೆ ವಿಂಡೋಸ್ ತಾತ್ಕಾಲಿಕ ಪ್ರೊಫೈಲ್ ಕೊಟ್ಟು ಒಳಗೆ ಬಿಡುತ್ತದೆ, ಅದರಲ್ಲಿ ಮಾಡಿದ ಕೆಲಸ ಲಾಗೌಟ್ ಆದೊಡನೆ ಅಳಿಸಿಹೋಗುತ್ತದೆ. ಸಿಸ್ಟಂ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಪುಟದಲ್ಲಿ ಯೂಸರ್ ಪ್ರೊಫೈಲ್ಸ್ ಅಡಿಯ ಸೆಟ್ಟಿಂಗ್ಸ್ ತೆರೆಯಿರಿ, ಪಟ್ಟಿಯಲ್ಲಿ ಕಂಪ್ಯೂಟರ್‌ನ ಹೆಸರಿನಿಂದ ಶುರುವಾಗುವ ಹಳೆಯ ಖಾತೆಯನ್ನು ಆರಿಸಿ, ಡೊಮೇನ್ ಹೆಸರಿನದಲ್ಲ ಎಂದು ಇನ್ನೊಮ್ಮೆ ನೋಡಿಕೊಂಡು ಅಲ್ಲಿಂದ ಅಳಿಸಿ. ಹಕ್ಕು ವರ್ಗಾಯಿಸುವ ದಾರಿ ಹಿಡಿದಿದ್ದರೆ ಅಳಿಸಲು ಹಳೆಯ ಪ್ರೊಫೈಲೇ ಇಲ್ಲ. ಅಲ್ಲಿರುವ ಒಂದೇ ಫೋಲ್ಡರ್ ಈಗ ಬಳಕೆಯಲ್ಲಿರುವುದು, ಅದರ ಹೆಸರು ಹಳೆಯದೆಂದು ಕಂಡರೂ ಕೈ ಹಚ್ಚಬೇಡಿ.